ತುಟಿ ಕಚ್ಚಿ ಕಲಿತ ಸಾಕ್ಷ್ಯ

ಆ ತರಗತಿಯಲ್ಲಿ ನಾನು ಮೊಟ್ಟಮೊದಲು ತಿದ್ದಿಕೊಟ್ಟ ಇಂಗ್ಲಿಷ್ ವಾಕ್ಯದ ಅರ್ಥ ‘ಅವನು ನನ್ನ ಗಂಡನ ಮುಖಕ್ಕೆ ಗುದ್ದಿದ’ ಎಂದು. ಎರಡನೆಯದರ ಅರ್ಥ ‘ಆಗ ನನ್ನ ಗಂಡ ನೆಲದ ಮೇಲೆ ಬಿದ್ದಿದ್ದರು’ ಎಂದು. ಚರ್ಚಿನವರು ನನಗೆ ಕೊಟ್ಟಿದ್ದ ಪಠ್ಯಪುಸ್ತಕವೇನೋ ಹವಾಮಾನದಿಂದ ಶುರುವಾಗುತ್ತಿತ್ತು. ಇವತ್ತು ಬಿಸಿಲಿದೆ, ನಾಳೆ ಮೋಡವಿರಬಹುದು. ಆ ಪುಸ್ತಕವನ್ನು ಅಲ್ಲಾಡುವ ಮೇಜಿನ ಕಾಲಿಗೆ ಕೊಟ್ಟು ನಾವು ಹೊಡೆತಗಳಿಂದಲೇ ಪಾಠ ಆರಂಭಿಸಿದೆವು.

ಅಮೆರಿಕದ ಯೂನಿಯನ್ ಸಿಟಿಯ ಒಂದು ಕೊರಿಯನ್ ಚರ್ಚಿನ ನೆಲಮಾಳಿಗೆ ಅದು. ಡಾಟ್‌ಕಾಮ್ ಜ್ವರ ನೆತ್ತಿಗೇರಿದ್ದ ಕಾಲ. ನನ್ನ ಯಜಮಾನರು ಬೆಂಗಳೂರಿನ ಬ್ಯಾಂಕೊಂದರಲ್ಲಿ ಬೀರುವಿನಷ್ಟು ದೊಡ್ಡ ಹಳೆಯ ಕಂಪ್ಯೂಟರುಗಳನ್ನು ಸಾಕಿಕೊಂಡಿದ್ದವರು. ಶತಮಾನ ಹೊರಳುವಾಗ ಅಂಥ ಕಂಪ್ಯೂಟರುಗಳಿಗೆ ತಲೆ ಕೆಡುತ್ತದೆಂದು ಹೆದರಿದ ಅಮೆರಿಕದವರು, ಅರೆನರೆತ ತಲೆಯ ಇವರನ್ನು ಹುಡುಕಿ ಕರೆಸಿಕೊಂಡರು. ಭಯ ನಮ್ಮ ಮನೆಗೆ ಅನ್ನ ಹಾಕಿದ್ದು ಅದೇ ಮೊದಲು. ಅಲ್ಲಿಯವರೆಗೆ ಭಯಪಡುವ ಕೆಲಸವನ್ನು ನಾನೊಬ್ಬಳೇ ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದೆ.

ನಾನು ಮಂಡ್ಯದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವಳು. ಡಿಪೆಂಡೆಂಟ್ ವೀಸಾದ ಮೇಲೆ ಬಂದ ಹೆಂಡತಿ ಅಲ್ಲಿ ದುಡಿಯುವಂತಿಲ್ಲ, ಪುಕ್ಕಟೆ ಕಲಿಸಬಹುದು. ಪುಕ್ಕಟೆಯೂ ಅಪರಾಧವಾಗಿಬಿಟ್ಟರೆ ಎಂದು ಪಾಸ್‌ಪೋರ್ಟಿನ ಜೆರಾಕ್ಸನ್ನು ಸದಾ ಕೈಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದೆ. ಅದರ ಜೊತೆಗೆ ಸ್ವೆಟರು, ಛತ್ರಿ, ತಲೆನೋವಿನ ಮಾತ್ರೆ. ಭೂಕಂಪವಾದರೆ ತಿನ್ನಲಿಕ್ಕೆ ಒಂದು ಪೊಟ್ಟಣ ಖಾರದ ಅವಲಕ್ಕಿ.

ನನ್ನ ವಿದ್ಯಾರ್ಥಿಗಳೆಲ್ಲ ಅಂಗಡಿ ಮಂದಿ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವರು, ಮದ್ಯದಂಗಡಿಯವರು, ದಿನಸಿಯವರು. ಮೊದಲ ದಿನ ಪರಿಚಯ ಹೇಳಿಕೊಳ್ಳಿ ಎಂದೆ. ಒಬ್ಬರು ಹೆಸರು ಹೇಳಿ, ಅಂಗಿಯ ತೋಳು ಮಡಚಿ ದರೋಡೆಕೋರನ ಚಾಕುವಿನ ಗಾಯ ತೋರಿಸಿದರು. ಪಕ್ಕದವರು ತಾವೇನು ಕಮ್ಮಿ ಎನ್ನುವಂತೆ ತಲೆ ಬಗ್ಗಿಸಿ ಹೊಲಿಗೆ ತೋರಿಸಿದರು. ನಮ್ಮ ಕಡೆ ಹೊಸಬರು ಸೇರಿದರೆ ಯಾವೂರು, ಯಾರ ಪೈಕಿ ಎಂದು ವಿಚಾರಿಸುವ ಹಾಗೆ ಇವರು ಎಲ್ಲಿ ಹೊಡೆದರು, ಯಾವುದರಿಂದ ಹೊಡೆದರು ಎಂದು ವಿಚಾರಿಸಿಕೊಂಡರು. ತೋರಿಸಲು ಏನೂ ಇಲ್ಲದ ನನಗೆ ನಾಚಿಕೆಯಾಯಿತು.

ಹಿಂದಿನ ಸಾಲಿನಲ್ಲಿದ್ದ ಹೆಂಗಸು ಮಾತ್ರ ಏನೂ ತೋರಿಸಲಿಲ್ಲ. ನನ್ನ ವಯಸ್ಸು ಕೇಳಿದರು. ಹೇಳಿದೆ. ಎರಡು ವರ್ಷ ನಾನು ಚಿಕ್ಕವಳೆಂದು ತಿಳಿದ ಮೇಲೆ, ಹಾಗಿದ್ದರೆ ತಮ್ಮನ್ನು ಒನ್ನಿ ಎಂದು ಕರೆಯಬೇಕು ಎಂದರು. ಒನ್ನಿ ಎಂದರೆ ಹೆಂಗಸೊಬ್ಬಳು ತನಗಿಂತ ದೊಡ್ಡ ಹೆಂಗಸನ್ನು ಕರೆಯುವ ಮಾತು, ನಮ್ಮ ಅಕ್ಕನ ಹಾಗೆ. ಅವರು ನನ್ನನ್ನು ಟೀಚರ್ ಎಂದರು. ಹೀಗೆ ದೊಡ್ಡವರು ಯಾರೆಂಬುದು ಗೊತ್ತಾಗಿ, ಇಬ್ಬರಿಗೂ ನೆಮ್ಮದಿಯಾಯಿತು.

ಒನ್ನಿಗೆ ಓಕ್‌ಲ್ಯಾಂಡಿನ ಕಡೆ ಮದ್ಯದಂಗಡಿಯಿತ್ತು. ಹೊರಗಿನ ಮಾತೆಲ್ಲ ಗಂಡನದು. ಇವರದು ಗಲ್ಲಾ ಪೆಟ್ಟಿಗೆಯ ಹಿಂದೆ ನಿಂತು ಅಂಕಿ ಹೇಳುವುದಷ್ಟೆ. ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬ ನುಗ್ಗಿ, ಗಂಡನ ಮುಖಕ್ಕೆ ಗುದ್ದಿ, ಗಲ್ಲಾದ ಕೆಳಗೆ ಅವರೇ ರಕ್ಷಣೆಗೆಂದು ಇಟ್ಟುಕೊಂಡಿದ್ದ ಬೇಸ್‌ಬಾಲ್ ಬ್ಯಾಟಿನಿಂದ ದವಡೆ, ತಲೆ ಎಲ್ಲ ಜಜ್ಜಿ ಹೋಗಿದ್ದ. ಗಂಡ ಬದುಕಿದರು, ಮಾತು ಹೋಯಿತು. ಬಲಗೈ ಹೋಯಿತು. ಸಿಕ್ಕಿಬಿದ್ದವನು ಹೇಳಿದ್ದೇ ಬೇರೆ. ಬ್ಯಾಟು ಬೀಸಿದ್ದು ಅಂಗಡಿಯವನೇ, ಜೀವ ಉಳಿಸಿಕೊಳ್ಳಲು ಅದನ್ನು ಕಿತ್ತುಕೊಂಡೆ ಎಂದ. ಬ್ಯಾಟಿನ ಮೇಲೆ ಇಬ್ಬರ ಬೆರಳ ಗುರುತೂ ಇತ್ತು. ಅಂಗಡಿಯವರದು ಇರದೆ ಇರುತ್ತದೆಯೇ? ಅಂಗಡಿಯ ಕ್ಯಾಮೆರಾ ಬರೀ ತೋರಿಕೆಗೆ ಹಾಕಿದ್ದು, ಒಳಗೆ ಟೇಪು ಇರಲಿಲ್ಲ. ಇನ್ನು ಒನ್ನಿಯ ಬಾಯೊಂದೇ ಉಳಿದದ್ದು. ಇವರು ಹೇಳಿದ್ದನ್ನು ಜಡ್ಜು ನಂಬಿದರೆ ಅವನು ಒಳಗೆ, ಇಲ್ಲವಾದರೆ ಹೊರಗೆ.

ಕೋರ್ಟಿನವರು ಪುಕ್ಕಟೆ ದುಭಾಷಿಯನ್ನು ಕೊಡುತ್ತಾರಲ್ಲ, ಕೊರಿಯನ್ನಿನಲ್ಲೇ ಹೇಳಿ ಎಂದೆ. ಒನ್ನಿ ಒಪ್ಪಲಿಲ್ಲ. ಆ ದುಭಾಷಿ ಇದೇ ಚರ್ಚಿನ ಹುಡುಗ, ಭಾನುವಾರದ ಶಾಲೆಯಲ್ಲಿ ತಾವೇ ಅವನ ಬೂಟಿನ ದಾರ ಕಟ್ಟಿದ್ದರಂತೆ. ಹೊಡೆದವನು ಅಂದು ಆಡಿದ ಮಾತುಗಳನ್ನು ಕೊರಿಯನ್ನಿನಲ್ಲಿ ಆ ಹುಡುಗನ ಮುಖ ನೋಡುತ್ತ ಹೇಳುವುದು ಹೇಗೆ?

“ಇಂಗ್ಲಿಷಲ್ಲಾದ್ರೆ ಅದು ಬರೀ ಸದ್ದು, ಟೀಚರ್” ಎಂದರು. “ಬಾಯಿಗೆ ಕೊಳೆ ಆಗಲ್ಲ.”

ನನಗೆ ಇದು ಬೇರೆ ಯಾವ ವಾದಕ್ಕಿಂತ ಚೆನ್ನಾಗಿ ಅರ್ಥವಾಯಿತು. ನಾನೂ ಡಾಕ್ಟರ ಹತ್ತಿರ ಸೊಂಟದಿಂದ ಕೆಳಗಿನದನ್ನೆಲ್ಲ ಇಂಗ್ಲಿಷಿನಲ್ಲೇ ಹೇಳಿಕೊಂಡು ಬಂದವಳು. ಕನ್ನಡದಲ್ಲಿ ನನಗೆ ಸೊಂಟದ ಕೆಳಗೆ ಪಾದವೊಂದೇ ಇರುವುದು.

ಹೀಗೆ ನಮ್ಮ ಪಾಠ ಶುರುವಾಯಿತು. ಕೊರಿಯನ್ ಬಾಯಿಗೂ ಕನ್ನಡದ ಬಾಯಿಗೂ ಇಂಗ್ಲಿಷಿನ ಮಟ್ಟಿಗೆ ಒಂದು ನೆಂಟಸ್ತಿಕೆಯಿದೆ. ನಾವು ಬಸ್ಸು, ಆಫೀಸು ಎಂದು ಕೊನೆಗೊಂದು ಬಾಲ ಅಂಟಿಸಿದರೆ ಅವರೂ ಅಂಟಿಸುತ್ತಾರೆ. ನಮ್ಮಜ್ಜಿ ಕಾಪಿ ಎಂದರೆ ಅವರೂ ಕೊಪಿ ಎನ್ನುತ್ತಾರೆ, ತುಟಿಗೆ ಹಲ್ಲು ತಾಗಿಸುವುದೆಂದರೆ ಇಬ್ಬರಿಗೂ ಕಷ್ಟ. ದುರದೃಷ್ಟಕ್ಕೆ ಮುಷ್ಟಿ, ಮುಖ, ನೆಲ ಈ ಮೂರಕ್ಕೂ ಇಂಗ್ಲಿಷಿನಲ್ಲಿ ಮೊದಲು ಬರುವುದು ತುಟಿ ಕಚ್ಚುವ ಆ ಅಕ್ಷರವೇ. ಆ ಮನುಷ್ಯನ ಬೈಗುಳಕ್ಕೂ ಅದೇ.

ಕನ್ನಡಿ ಹಿಡಿದು, ಮೇಲಿನ ಹಲ್ಲನ್ನು ಕೆಳತುಟಿಗೆ ಮೆಲ್ಲಗೆ ತಾಗಿಸಿ ಗಾಳಿ ಬಿಡಿ ಎಂದು ತೋರಿಸಿದೆ. ಒನ್ನಿಗೆ ಮೆಲ್ಲಗೆ ಎಂಬುದು ಗೊತ್ತೇ ಇರಲಿಲ್ಲ. ಕಚ್ಚುತ್ತಿದ್ದರು. ಎರಡನೆಯ ವಾರ ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿಯಿತು. ಕಾಗದದ ಟವೆಲಿನಿಂದ ಒತ್ತಿಕೊಂಡು, ಆ ಕೆಂಪು ಹಲ್ಲುಗಳಲ್ಲೇ ‘ಅವನು ಮುಷ್ಟಿಯಿಂದ ಮುಖಕ್ಕೆ’ ಎಂದು ಮತ್ತೆ ಶುರುಮಾಡಿದರು. ಅಕ್ಷರ ಸರಿಯಾಗಿ ಬಂದಿತ್ತು, ಶಭಾಷ್ ಎಂದೆ.

ಇಂಗ್ಲಿಷಿನ ಏರಿಳಿತ ಕಲಿಸುವುದು ಇನ್ನೊಂದು ಗೋಳು. ನಮ್ಮಿಬ್ಬರ ಭಾಷೆಗಳೂ ಎಲ್ಲ ಅಕ್ಷರಕ್ಕೂ ಸಮನಾಗಿ ಬಡಿಸುತ್ತ ಹೋಗುವಂಥವು. ಇಂಗ್ಲಿಷಾದರೋ ಒಂದನ್ನು ಎತ್ತಿ ನಾಲ್ಕನ್ನು ತುಳಿಯುತ್ತದೆ. ಒತ್ತು ಬೀಳುವಲ್ಲಿ ಮೇಜಿಗೆ ಅಂಗೈಯಿಂದ ಬಡಿಯಿರಿ ಎಂದೆ. ಹೊಡೆದ ಎನ್ನುವಾಗ ಒಂದು ಪೆಟ್ಟು, ಗಂಡ ಎನ್ನುವಾಗ ಒಂದು, ನೆಲ ಎನ್ನುವಾಗ ಒಂದು. ಉಳಿದವರಿಗೂ ಹುರುಪು ಬಂದು ಎಲ್ಲರೂ ಸೇರಿ ಬಡಿಯತೊಡಗಿದರು. ಒಂದು ದಿನ ಮೇಲಿನಿಂದ ಪಾದ್ರಿಗಳು, ನೆಲಮಾಳಿಗೆಯಲ್ಲಿ ಯಾರೋ ಯಾರನ್ನೋ ಕೊಲ್ಲುತ್ತಿದ್ದಾರೆಂದು ಓಡಿಬಂದರು. ಉಚ್ಚಾರಣೆ ಕಲಿಸುತ್ತಿದ್ದೇನೆ ಎಂದೆ. ಅವರು ಎಲ್ಲರ ಮುಖವನ್ನೂ ಒಮ್ಮೆ ನೋಡಿ, ನಮಗೋಸ್ಕರ ಪ್ರಾರ್ಥನೆ ಮಾಡುವುದಾಗಿ ಹೇಳಿ ಹೋದರು.

ಇನ್ನು ಆ ಬೈಗುಳ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಜೀವಮಾನದಲ್ಲಿ ಆಡಿರಲೂ ಇಲ್ಲ, ಮಂಡ್ಯದಲ್ಲಿ ಅದಕ್ಕೆ ಅಗತ್ಯ ಬಿದ್ದಿರಲಿಲ್ಲ, ನಮ್ಮವೇ ಬೇಕಾದಷ್ಟಿದ್ದವು. ಅದನ್ನು ಸರಿಯಾಗಿ ಹೇಳುವುದು ಹೇಗೆಂದು ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಅಭ್ಯಾಸ ಮಾಡಿದೆ. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು ಹೊರಗಿನಿಂದ ಕೇಳಿಸಿಕೊಂಡು ಬಾಗಿಲು ತಟ್ಟಿದಳು.

“ಅಮ್ಮಾ, ಆರ್ ಯು ಓಕೆ? ರೆಸ್ಟೋರೆಂಟಲ್ಲಿ ಆರ್ಡರ್ ಮಾಡೋ ಥರ ಹೇಳ್ತಿದೀಯ. ಯು ಹ್ಯಾವ್ ಟು ಬಿ ಆಂಗ್ರಿ.”

ನನಗೆ ಸಿಟ್ಟು ಬರುವುದಿಲ್ಲ, ಗಾಬರಿ ಬರುತ್ತದೆ. ಗಾಬರಿಯಲ್ಲೇ ಕಲಿಸಿದೆ. ಒನ್ನಿ ಅದನ್ನು ನನ್ನಿಂದ ಗಾಬರಿಯ ರಾಗದಲ್ಲೇ ಕಲಿತರು.

ಇಷ್ಟೆಲ್ಲ ಆದ ಮೇಲೂ ಅವರಿಗೆ ಧೈರ್ಯ ಬರಲಿಲ್ಲ. ಮಧ್ಯದಲ್ಲಿ ಮಾತು ತಪ್ಪಿದರೆ? ಅದಕ್ಕೆ ನನಗೆ ಗೊತ್ತಿದ್ದ ಮದ್ದು ಒಂದೇ, ಬಾಯಿಪಾಠ. ಮಗ್ಗಿ, ಸಂಧ್ಯಾವಂದನೆ, ಸಮಾಸಗಳು, ಪರೀಕ್ಷೆಯ ಪ್ರಬಂಧ, ನಮ್ಮಲ್ಲಿ ಯಾವುದು ಬಾಯಿಪಾಠವಿಲ್ಲದೆ ಬಂದಿದೆ? ಒನ್ನಿಯೂ ಅದೇ ಬಗೆಯ ಶಾಲೆಯಲ್ಲಿ ಓದಿದವರು. ನಾನು ಹಾಗೆಂದ ಕೂಡಲೇ ಅವರ ಹೆಗಲು ಇಳಿಯಿತು. ಅವನು ಬಾಗಿಲು ತೆರೆದಲ್ಲಿಂದ ಹಿಡಿದು ಪೊಲೀಸರು ಬರುವವರೆಗೆ ಒಂದು ಪುಟ ಮಾಡಿದೆವು. ಅವರಿಗೆ ಎಷ್ಟು ಇಂಗ್ಲಿಷ್ ಬರುತ್ತಿತ್ತೋ ಅಷ್ಟು ಘಟನೆ. ಅವರು ಕಾರು ಓಡಿಸುವಾಗ, ಪಾತ್ರೆ ತೊಳೆಯುವಾಗ, ಗಂಡನ ಬಾಯಿಗೆ ಗಂಜಿ ಕೊಡುವಾಗ ಅದನ್ನು ಒಪ್ಪಿಸಿಕೊಂಡರು. ಕೊನೆಕೊನೆಗೆ ಗಂಡನ ದವಡೆ ಒಡೆಯುವ ವಾಕ್ಯವನ್ನು ಅವರು ಹೇಳಿದರೆ ನನಗೆ ದವಡೆ ಕಾಣುತ್ತಲೇ ಇರಲಿಲ್ಲ. ವ್ಯಂಜನಗಳು ಮಾತ್ರ ಕಾಣುತ್ತಿದ್ದವು. ಅದನ್ನೇ ಪ್ರಗತಿ ಅಂದುಕೊಂಡೆ.

ಕೋರ್ಟಿಗೆ ನಾನೂ ಬರಬೇಕೆಂದು ಒನ್ನಿ ಹಟ ಹಿಡಿದರು. ನನ್ನನ್ನೇ ಏನಾದರೂ ಕೇಳಿದರೆ ಎಂದು ಹಿಂದಿನ ದಿನ ಯಜಮಾನರ ಮುಂದೆ ಗೋಗರೆದೆ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ನಿನ್ನನ್ನ ಯಾರೇ ಕೇಳ್ತಾರೆ?” ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟ ಮಾತು ಅವರಿಂದ ಬಂದಿರಲಿಲ್ಲ.

ಅದು ದೊಡ್ಡ ವಿಚಾರಣೆಗೆ ಮೊದಲು, ಕೇಸಿನಲ್ಲಿ ಹುರುಳಿದೆಯೇ ಎಂದು ಜಡ್ಜು ನೋಡುವ ವಿಚಾರಣೆ. ಕೋಣೆ ಚಿಕ್ಕದು. ಹೊಡೆದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತು ಆಕಳಿಸುತ್ತಿದ್ದ. ಅವನ ಮೇಜಿನ ಮೇಲಿದ್ದ ಮುಷ್ಟಿಗಳನ್ನೇ ನಾನು ನೋಡುತ್ತಿದ್ದೆ. ಬೆರಳ ಗೆಣ್ಣುಗಳ ಮೇಲೆ ಹಳೆಯ ಗಾಯದ ಬಿಳಿ ಕಲೆಗಳಿದ್ದವು, ಹಲ್ಲಿಗೆ ತಾಗಿ ಆಗುವಂಥವು. ದುಭಾಷಿ ಹುಡುಗ ಬೇಕಾದರೆ ಇರಲಿ ಎಂದು ಪಕ್ಕದಲ್ಲಿ ಕೂತಿದ್ದ.

ಏನಾಯಿತು ಹೇಳಿ ಎಂದು ಸರ್ಕಾರಿ ವಕೀಲೆ ಕೇಳಿದರು. ಒನ್ನಿ ಬೆನ್ನು ನೆಟ್ಟಗೆ ಮಾಡಿ ಪುಟ ಶುರುಮಾಡಿದರು. ಒಂದಕ್ಷರ ತಪ್ಪಲಿಲ್ಲ. ಬೈಗುಳ ಬಂದಾಗ ಟೈಪು ಮಾಡುವಾಕೆ ತಲೆಯೆತ್ತಿ ನೋಡಿದಳು, ಅಷ್ಟು ಸ್ಪಷ್ಟವಾಗಿತ್ತು. ನನಗೆ ಹೆಮ್ಮೆಯಿಂದ ಕಿವಿ ಬಿಸಿಯಾಯಿತು.

ಆಮೇಲೆ ಹೊಡೆದವನ ಪರ ವಕೀಲ ಎದ್ದ. ಬಲು ವಿನಯದ ಮನುಷ್ಯ. ಮ್ಯಾಡಮ್, ನಿಮ್ಮ ಯಜಮಾನರು ಬ್ಯಾಟು ಕೈಗೆತ್ತಿಕೊಂಡದ್ದು ಯಾವಾಗ ಎಂದು ಕೇಳಿದ. ಒನ್ನಿ ಬಾಗಿಲು ತೆರೆದಲ್ಲಿಂದ ಪುಟವನ್ನು ಮತ್ತೆ ಶುರುಮಾಡಿದರು. ವಕೀಲ ಕೈ ಎತ್ತಿ ತಡೆದ. ಅಷ್ಟೆಲ್ಲ ಬೇಡ, ಬ್ಯಾಟಿನದ್ದು ಮಾತ್ರ ಹೇಳಿ. ಒನ್ನಿ ಮತ್ತೆ ಬಾಗಿಲಿಗೆ ಹೋದರು. ಏಳರ ಮಗ್ಗಿಯಲ್ಲಿ ತಡವರಿಸಿದವರು ಏಳೊಂದ್ಲೆಗೇ ಮರಳಬೇಕಲ್ಲ, ಹಾಗೆ. ಅದೇ ಮಾತು, ಅದೇ ರಾಗ, ಒತ್ತು ಬೀಳುವಲ್ಲಿ ಕಟಕಟೆಗೆ ಅಂಗೈಯ ಪೆಟ್ಟು. ಗಂಡ, ಪೆಟ್ಟು. ನೆಲ, ಪೆಟ್ಟು. ಜಡ್ಜು ಬಡಿಯಬೇಡಿ ಎಂದರು. ಕೈ ಮಡಿಲಿಗೆ ಹೋಯಿತು, ಕೈಯ ಜೊತೆಗೆ ಮಾತೂ ಹೋಯಿತು.

ಇದನ್ನು ಬಾಯಿಪಾಠ ಮಾಡಿದ್ದೀರಲ್ಲವೇ, ಯಾರು ಹೇಳಿಕೊಟ್ಟರು ಎಂದು ವಕೀಲ ಇನ್ನಷ್ಟು ವಿನಯದಿಂದ ಕೇಳಿದ.

ಒನ್ನಿ ಸುಳ್ಳು ಹೇಳುವವರಲ್ಲ. ಎರಡೂ ಕೈಗಳನ್ನು ಜೋಡಿಸಿ, ಹಿರಿಯರಿಗೆ ಏನಾದರೂ ಕೊಡುವ ಹಾಗೆ ನನ್ನ ಕಡೆ ಚಾಚಿ, “ಟೀಚರ್” ಎಂದರು.

ಕೋಣೆಯ ಕಣ್ಣೆಲ್ಲ ನನ್ನ ಮೇಲೆ. ಯಾರೂ ಕರೆಯದಿದ್ದರೂ ನಾನು ಎದ್ದು ನಿಂತೆ. ಕೈ ತಾನಾಗಿ ಚೀಲದೊಳಗೆ ಹೋಗಿ ಜೆರಾಕ್ಸನ್ನು ತಡಕಿತು. ಜಡ್ಜು ಕನ್ನಡಕದ ಮೇಲಿನಿಂದ ನೋಡಿ ಕೂರಲು ಹೇಳಿದರು. ಕೂತೆ. ಅವಲಕ್ಕಿ ಪೊಟ್ಟಣ ಒಡೆದು ಕೆಳಗೆ ಚೆಲ್ಲಿತ್ತು.

ಹೊಡೆದವನು ಆಗ ನಕ್ಕ. ದೊಡ್ಡ ನಗುವೇನಲ್ಲ, ಮೂಗಿನಿಂದ ಗಾಳಿ ಬಿಟ್ಟದ್ದು. ಆ ಕ್ಷಣ ನನಗೆ ಏನು ಮಾಡಬೇಕೆನಿಸಿತು ಎಂದು ಇವತ್ತಿಗೂ ಮನೆಯಲ್ಲಿ ಹೇಳಿಲ್ಲ. ಮುಂದಿನ ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದೆ, ಉಗುರೊಂದು ಮುರಿಯಿತು. ಮಗಳು ಹೇಳಿದ್ದ ಸಿಟ್ಟು ಅಂತೂ ಬಂತು. ಪಾಠವೆಲ್ಲ ಮುಗಿದ ಮೇಲೆ.

ಸಾಕ್ಷಿ ತಮ್ಮ ಭಾಷೆಯಲ್ಲೇ ಹೇಳಲಿ ಎಂದು ಜಡ್ಜು ದುಭಾಷಿಯನ್ನು ಕರೆದರು. ಹುಡುಗ ಹೋಗಿ ಒನ್ನಿಯ ಪಕ್ಕದಲ್ಲಿ ಕೂತ. ವಕೀಲ ಅದೇ ಪ್ರಶ್ನೆ ಕೇಳಿದ. ಒನ್ನಿ ಹುಡುಗನ ಮುಖ ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಇನ್ನೇನು ಎಲ್ಲ ಮುಗಿಯಿತು, ಅವನು ಇದೇ ಇಸ್ತ್ರಿ ಅಂಗಿಯಲ್ಲಿ ಮನೆಗೆ ಹೋಗುತ್ತಾನೆ ಎಂದುಕೊಂಡೆ.

ಹುಡುಗ ಎದ್ದು ಜಡ್ಜಿಗೆ ಏನೋ ವಿನಂತಿ ಮಾಡಿದ. ತಮ್ಮವರಲ್ಲಿ ಕಿರಿಯರು ಹಿರಿಯರ ಮುಂದೆ ಕೂತು ಕುಡಿಯುವ ಸಂದರ್ಭ ಬಂದರೆ ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತಾರೆ, ತಾನೂ ಹಾಗೆ ತಿರುಗಿ ಕೂರಬಹುದೇ ಎಂದು. ಜಡ್ಜು ಸ್ವಲ್ಪ ಯೋಚಿಸಿ, ಸ್ಪಷ್ಟವಾಗಿ ಕೇಳಿಸಿದರೆ ಸಾಕು ಎಂದರು. ಹುಡುಗ ಕುರ್ಚಿಯನ್ನು ಎತ್ತಿ ತಿರುಗಿಸಿ, ಒನ್ನಿಗೆ ಬೆನ್ನು ಕೊಟ್ಟು ಕೂತ. ಅವನ ಕತ್ತು ಕೆಂಪಗಾಗಿತ್ತು.

ಆ ಬೆನ್ನಿಗೆ ಒನ್ನಿ ಹೇಳಿದರು. ಅವರಿಗೆ ಅಷ್ಟು ತಗ್ಗಿನ, ಅಷ್ಟು ಒರಟಾದ ದನಿಯಿದೆಯೆಂದು ನನಗೆ ಗೊತ್ತಿರಲಿಲ್ಲ. ಹುಡುಗ ಗೋಡೆ ನೋಡುತ್ತ ಅದನ್ನು ಇಂಗ್ಲಿಷಿಗೆ ತಂದ.

ಅವನು ಗಂಡನ ಕೊರಳಪಟ್ಟಿ ಹಿಡಿದು ಗಲ್ಲಾ ಕೇಳಿದನಂತೆ. ಗಂಡ ಇವರ ಕಡೆ ತಿರುಗಿ ಕೊರಿಯನ್ನಿನಲ್ಲಿ, ಎಲ್ಲ ಕೊಟ್ಟುಬಿಡು, ಅವನ ಮುಖ ನೋಡಬೇಡ ಎಂದರಂತೆ. ಏನೋ ಸಂಚು ಮಾಡುತ್ತಿದ್ದಾರೆಂದು ತಿಳಿದ ಅವನು, ಇಂಗ್ಲಿಷ್ ಮಾತಾಡೋ ಎಂದು ಆ ಬೈಗುಳ ಬೈದು ಬಾಯಿಗೇ ಗುದ್ದಿದ. ಗಂಡ ಗಲ್ಲಾದ ಹಿಂದೆ ಇವರ ಕಾಲ ಬುಡದಲ್ಲಿ ಬಿದ್ದರು. ಬಿದ್ದಲ್ಲಿಂದಲೇ ಮತ್ತೆ ಕೊರಿಯನ್ನಿನಲ್ಲಿ, ನೋಡಬೇಡ ಎಂದರು. ಅವನು ಸುತ್ತಿಕೊಂಡು ಬಂದು, ಕೆಳಗಿದ್ದ ಬ್ಯಾಟು ಕಂಡು ಎಳೆದ. ಇಂಗ್ಲಿಷ್ ಮಾತಾಡೋ ಎನ್ನುವುದು, ಬಾಯಿಗೆ ಹೊಡೆಯುವುದು. ಗಂಡ ನೋಡಬೇಡ ಎನ್ನುವುದು, ಅವನು ಮತ್ತೆ ಹೊಡೆಯುವುದು. ಹಲ್ಲು ಹೋದ ಮೇಲೂ ಅದೇ ಮಾತು ಬರುತ್ತಿತ್ತಂತೆ, ಮಾತಿನಂತೆ ಕೇಳಿಸುತ್ತಿರಲಿಲ್ಲ ಅಷ್ಟೆ.

ಆಗ ನಿಮ್ಮ ಯಜಮಾನರ ಕೈ ಎಲ್ಲಿತ್ತು ಎಂದು ವಕೀಲ ಕೇಳಿದ. ಕೇಳಬಾರದಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿರಬೇಕು.

“ಎರಡೂ ಕೈಯಿಂದ ನನ್ನ ಕಾಲ ಹರಡು ಹಿಡ್ಕೊಂಡಿದ್ರು” ಎಂದು ಹುಡುಗನ ಬಾಯಲ್ಲಿ ಬಂತು. “ನಾನು ಮಧ್ಯೆ ಹೋಗಬಾರ್ದು ಅಂತ. ಬಿಡಲೇ ಇಲ್ಲ.”

ಸರ್ಕಾರಿ ವಕೀಲೆ ಫೈಲಿನಿಂದ ಒಂದು ಫೋಟೊ ಎಳೆದರು. ಆಸ್ಪತ್ರೆಯಲ್ಲಿ ಪೊಲೀಸರು ತೆಗೆದಿದ್ದ ಒನ್ನಿಯ ಎಡಗಾಲು. ಹರಡಿನ ಸುತ್ತ ಕಪ್ಪುಗಟ್ಟಿದ ಹತ್ತು ಬೆರಳು. ಅದು ಹೊಡೆದವನ ಕೈಯೆಂದೇ ಎಲ್ಲರೂ ಅಂದುಕೊಂಡಿದ್ದರು, ಒನ್ನಿಯನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಮ್ಮ ಪುಟದಲ್ಲಿ ಕಾಲಿನ ಹರಡು ಇರಲೇ ಇಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ.

ಜಡ್ಜು ಕೇಸನ್ನು ದೊಡ್ಡ ವಿಚಾರಣೆಗೆ ಒಪ್ಪಿಸಿ, ಅವನನ್ನು ಒಳಗೇ ಇಡಿ ಎಂದರು. ಅವನು ಎದ್ದಾಗ ಕುರ್ಚಿಯನ್ನು ಒದ್ದ. ಪೊಲೀಸರು ಮೇಜಿಗೆ ಅಮುಕಿ ಹಿಡಿದರು, ಕೆನ್ನೆ ಮರಕ್ಕೆ ಬಡಿದ ಸದ್ದು ಕೇಳಿತು. ಒನ್ನಿ ಮುಖ ತಿರುಗಿಸದೆ ಅದನ್ನು ಪೂರ್ತಿ ನೋಡಿದರು. ನಾನೂ ನೋಡಿದೆ. ಸಾಲದು ಎನ್ನಿಸಿತು.

ಒನ್ನಿಯನ್ನು ಗಂಡನಿದ್ದ ನರ್ಸಿಂಗ್ ಹೋಮಿಗೆ ನಾನೇ ಕರೆದುಕೊಂಡು ಹೋದೆ. ಫ್ರೀವೇಯ ಬಲತುದಿಯ ಲೇನಿನಲ್ಲಿ, ಹಿಂದಿನವರೆಲ್ಲ ಹಾರ್ನ್ ಹೊಡೆಯುವಷ್ಟು ನಿಧಾನವಾಗಿ. ನಿಮ್ಮನ್ನು ತಪ್ಪು ದಾರಿಗೆ ಹಾಕಿಬಿಟ್ಟೆನೇನೋ ಎಂದು ನಾಲ್ಕಾರು ಸಲ ಹೇಳಿದೆ. ಒನ್ನಿ ಊದಿದ ಕೆಳತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅವರ ಗಂಡ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದರು. ದವಡೆ ಒಂದು ಕಡೆಗೆ ಜಾರಿತ್ತು. ಆಚೆ ಹಾಸಿಗೆಯ ಮುದುಕರಿಗೆ ಒಬ್ಬ ಅಮೆರಿಕನ್ ಆಯಾ ಊಟ ಮಾಡಿಸುತ್ತಿದ್ದಳು. ಒನ್ನಿ ಮಂಚದ ಅಂಚಿಗೆ ಕೂತು, ಕೋರ್ಟಿನದ್ದನ್ನೆಲ್ಲ ಕೊರಿಯನ್ನಿನಲ್ಲಿ ಹೇಳತೊಡಗಿದರು. ಕೊರಿಯನ್ ಕಿವಿಗೆ ಬಿದ್ದದ್ದೇ ಗಂಡನ ಕಣ್ಣು ಮೊದಲು ಆಯಾಳ ಕಡೆ ಹೋಯಿತು, ಆಮೇಲೆ ನನ್ನ ಕಡೆ. ಎಡಗೈಯನ್ನು ಕಷ್ಟಪಟ್ಟು ಎತ್ತಿ ಹೆಂಡತಿಯ ಬಾಯಿ ಮುಚ್ಚಿದರು.

ಒನ್ನಿ ಆ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಮಾತು ಮುಂದುವರಿಸಿದರು. ಕೈ ಮತ್ತೆ ಎದ್ದಿತು. ಮತ್ತೆ ಇಳಿಸಿದರು, ಈ ಸಲ ಅದುಮಿ ಹಿಡಿದರು. ಹಾಸಿಗೆ ಅಲುಗಾಡುವಷ್ಟು ಬಲವಾಗಿ ಗಂಡ ಕೊಸರಾಡುತ್ತಿದ್ದರು. ಆಯಾ ಚಮಚ ಹಿಡಿದು ತಿರುಗಿ ನೋಡಿದಳು. ಬಾಗಿಲು ಮುಚ್ಚಲೇ, ನಾನು ಹೊರಗೆ ಹೋಗಲೇ ಎಂದು ಸನ್ನೆಯಲ್ಲಿ ಕೇಳಿದೆ. ಬೇಡ ಎಂದು ತಲೆಯಾಡಿಸಿ, ಒನ್ನಿ ಕೊರಿಯನ್ನಿನಲ್ಲೇ ದನಿ ಏರಿಸಿದರು.